ದಬ್ಬಣ, ಉಲ್ಲನ್ ದಾರ, ಜಡೆ ತುರುಬು: ನನ್ನ ಅನುಭವ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕೊಡಗಿನ ನಾಪೋಕ್ಲು ಕಡೆ ಒಂದು ಮದುವೆ ಇತ್ತು. ಬೆಳಿಗ್ಗೆ ಆರೂವರೆಗೆ ಹಾಕಿದ ತುರುಬನ್ನು ರಾತ್ರಿ ಹನ್ನೊಂದಕ್ಕೆ ಬಿಚ್ಚಿದೆ. ನಡುವೆ ವಾಲಗಕ್ಕೆ ಎರಡು ಗಂಟೆ ಕುಣಿದಿದ್ದೇನೆ, ಜೀಪಿನಲ್ಲಿ ತೋಟದ ದಾರಿ ಹತ್ತಿ ಇಳಿದಿದ್ದೇನೆ. ಒಂದೆಳೆ ಜಾರಲಿಲ್ಲ. ತಲೆಯಲ್ಲಿ ಒಂದೂ ಪಿನ್ ಇರಲಿಲ್ಲ. ಇಡೀ ತುರುಬನ್ನು ಸೂಜಿ ದಾರದಲ್ಲಿ ಹೊಲಿದಿದ್ದೆ.

ಈ ದಾರಿ ಹಿಡಿದಾಗ ನಂಬಿದವರು ಯಾರೂ ಇಲ್ಲ. "ಅದು ತಲೆಯೋ ಕಾಫಿ ಚೀಲವೋ?" ಅಂತ ಅತ್ತಿಗೆ ಕೇಳಿದ್ದರು. ಪಾರ್ಲರ್‌ನವರಂತೂ ಇಷ್ಟು ಉದ್ದದ, ಇಷ್ಟು ನುಣುಪಾದ ಕೂದಲು ಡೋನಟ್ (ತುರುಬಿನ ಒಳಗೆ ಇಡುವ ಸ್ಪಂಜಿನ ಬಳೆ), ಸ್ಪ್ರೇ ಇಲ್ಲದೆ ನಿಲ್ಲುವುದೇ ಇಲ್ಲ ಅಂದಿದ್ದರು.

ನನ್ನ ಕೂದಲು ಸೊಂಟದಿಂದ ಒಂದು ಗೇಣು ಕೆಳಗಿದೆ. ಉದ್ದ ಕೂದಲಿರುವವರಿಗೆ ಗೊತ್ತು, ತುರುಬು ಕಟ್ಟುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಭಾರಕ್ಕೆ ಪಿನ್ ಮೆಲ್ಲ ಮೆಲ್ಲ ಹೊರಗೆ ಬರುತ್ತದೆ. ಊಟದ ಪಂಕ್ತಿಯಲ್ಲಿ ಕೂತಾಗ ಹೆಕ್ಕತ್ತಿನ ಮೇಲೆ ಏನೋ ಇಳಿದ ಹಾಗೆ ಆಗುತ್ತದಲ್ವಾ, ಅಲ್ಲಿಗೆ ಮುಗಿಯಿತು. ಒಂದು ಮದುವೆಗೆ ಪಾರ್ಲರ್‌ನಲ್ಲಿ 2,500 ರೂಪಾಯಿ ಕೊಟ್ಟು ಜಡೆ ತುರುಬು ಹಾಕಿಸಿಕೊಂಡೆ. ಮಧ್ಯಾಹ್ನ ಒಂದೂವರೆಗೆ ಬಿಚ್ಚಿಕೊಂಡಿತು. ಆ ದಿನ ರಾತ್ರಿ ತಲೆಯಿಂದ 34 ಪಿನ್ ತೆಗೆದೆ. ಇದನ್ನು ಮಾತ್ರ ಸರಿಯಾಗಿ ಎಣಿಸಿದ್ದೇನೆ, ಸಿಟ್ಟು ಅಷ್ಟಿತ್ತು. ಸ್ಪ್ರೇ, ಮೂರು ಅಳತೆಯ ಡೋನಟ್, ಯು ಪಿನ್, ಬಲೆ ಅಂತ ಎರಡು ವರ್ಷದಲ್ಲಿ ಏಳು ಸಾವಿರದ ಹತ್ತಿರ ಕಳೆದಿದ್ದೇನೆ.

ಯೋಚನೆ ಹೊಳೆದದ್ದು ಜನವರಿಯಲ್ಲಿ, ಕಣದಲ್ಲಿ. ಕಾಫಿ ಹಣ್ಣು, ಅಂದರೆ ಚೆರಿ, ಒಣಗಿ ಚೀಲ ಕಟ್ಟುವ ಕೆಲಸ ನಡೀತಿತ್ತು. 50 ಕೆಜಿ ತುಂಬಿ ದಬ್ಬಣದಲ್ಲಿ ಬಾಯಿ ಹೊಲಿದ ಚೀಲವನ್ನು ಲಾರಿಗೆ ಎತ್ತಿ ಹಾಕುತ್ತಾರೆ, ಹೊಲಿಗೆ ಬಿಡುವುದಿಲ್ಲ. ಅರ್ಧ ಕೆಜಿಯೂ ತೂಗದ ನನ್ನ ಜಡೆ ಯಾಕೆ ಬಿಡಬೇಕು? ಅದೇ ಸಂಜೆ ಒಂದು ದಬ್ಬಣ ಎತ್ತಿಟ್ಟುಕೊಂಡೆ.

ಮೊದಲ ಸಲ ಕೆಟ್ಟಿತು. ದಬ್ಬಣದ ತುದಿ ಚಪ್ಪಟೆ, ಎರಡು ಅಂಚೂ ಹರಿತ. ಗೋಣಿಗೆ ಅದು ಸರಿ. ಕೂದಲಲ್ಲಿ ತೂರಿಸಿದಾಗ ಸಣ್ಣಗೆ ಟಿಕ್ ಟಿಕ್ ಅಂತ ಎಳೆ ಹರಿಯುವ ಸದ್ದೇ ಕೇಳಿಸಿತು. ಮಾರನೇ ದಿನ ಸಾಣೆ ಕಲ್ಲಿಗೆ ತಿಕ್ಕಿ ತಿಕ್ಕಿ ತುದಿ ಮೊಂಡು ಮಾಡಿದೆ. ನಾಲಿಗೆ ಮೇಲೆ ಎಳೆದರೂ ಚುಚ್ಚಬಾರದು, ಅಷ್ಟು ಮೊಂಡು. ಆಮೇಲೆ ದಾರದ ಗೋಳು. ನೂಲಿನ ಕರಿ ದಾರ ಜಾರಿತು. ಚೀಲದ ಪ್ಲಾಸ್ಟಿಕ್ ದಾರ ಕೂದಲನ್ನು ಕೊಯ್ಯಿತು. ಕೊನೆಗೆ ಮಗಳ ಸ್ವೆಟರ್‌ಗೆ ತಂದಿದ್ದ ಉಲ್ಲನ್ ಹಾಕಿ ನೋಡಿದೆ. ಉಲ್ಲನ್‌ಗೆ ಮೈತುಂಬ ಜುಂಗು, ಕೂದಲನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ಹಿಗ್ಗುವುದರಿಂದ ತಲೆನೋವೂ ಬರುವುದಿಲ್ಲ. ಒಂದು ಉಂಡೆ 40 ರೂಪಾಯಿ ಇರಬೇಕು, ಎರಡು ವರ್ಷ ಬಂದರೂ ಬಂದೀತು. ಈಗ ದಬ್ಬಣವನ್ನೂ ಬಿಟ್ಟಿದ್ದೇನೆ. ಸ್ವೆಟರ್ ಹೊಲಿಯುವ ದೊಡ್ಡ ಕಣ್ಣಿನ ಮೊಂಡು ಸೂಜಿ ಸಿಗುತ್ತದೆ, ಅದೇ ಒಳ್ಳೆಯದು.

ಇದೆಲ್ಲ ಆಗುವಾಗ ಮಗಳು ಫೋನಿನಲ್ಲಿ ಒಂದು ವಿಷಯ ಹುಡುಕಿ ಕೊಟ್ಟಳು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನೆಟ್ ಸ್ಟೀಫನ್ಸ್ ಅಂತ ತಲೆಕೂದಲಿನ ಕೆಲಸ ಮಾಡುವ ಹೆಂಗಸು. ಹಳೇ ರೋಮಿನ ರಾಣಿಯರ ಕಲ್ಲಿನ ವಿಗ್ರಹ ನೋಡಿ, ಅಂಥ ತುರುಬು ಪಿನ್ನಿನಲ್ಲಿ ನಿಲ್ಲುವುದಿಲ್ಲ, ಸೂಜಿ ದಾರದಲ್ಲಿ ಹೊಲಿದಿರಬೇಕು ಅಂತ ತಾನೇ ಹೊಲಿದು ನೋಡಿ, 2008ರಲ್ಲಿ ವಿದ್ವಾಂಸರ ಪತ್ರಿಕೆಯಲ್ಲಿ ಬರೆದಿದ್ದಾರೆ. ಲ್ಯಾಟಿನ್‌ನಲ್ಲಿ ಸೂಜಿಗೂ ತುರುಬಿನ ಕಡ್ಡಿಗೂ 'ಅಕುಸ್' ಅನ್ನುವ ಒಂದೇ ಪದವಂತೆ. ಓದಿದವರು ಅದನ್ನು ಕಡ್ಡಿ ಅಂತಲೇ ತಿಳಿದಿದ್ದರು. ಕೈಯಲ್ಲಿ ಕೆಲಸ ಮಾಡುವವಳಿಗೆ ಸೂಜಿ ಕಂಡಿತು. ನನಗೆ ಎಷ್ಟು ಧೈರ್ಯ ಬಂತು ಅಂದರೆ, ಅತ್ತಿಗೆಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ.

ಈಗ ನಾನು ಮಾಡುವ ರೀತಿ. ತಲೆಗೆ ಸ್ನಾನ ಹಿಂದಿನ ದಿನವೇ ಆಗಿರಬೇಕು. ಅದೇ ದಿನ ತೊಳೆದ ಕೂದಲು ಯಾರ ಮಾತೂ ಕೇಳುವುದಿಲ್ಲ. ಹೆಕ್ಕತ್ತಿನ ಮೇಲೆ ಉಲ್ಲನ್‌ನಿಂದಲೇ ಕಟ್ಟಿ, ಎರಡು ಭಾಗ ಮಾಡಿ, ಮೂರೆಳೆಯ ಎರಡು ಜಡೆ ಹೆಣೆಯುತ್ತೇನೆ. ಒಂದೇ ದಪ್ಪ ಜಡೆ ಬೇಡ. ಮೊದಲನೆಯದನ್ನು ಬಲಕ್ಕೆ ಸುತ್ತುವುದು, ಎರಡನೆಯದನ್ನು ಅದರ ಹೊರಗಿನಿಂದ ಎಡಕ್ಕೆ. ಒಂದು ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಸುತ್ತುತ್ತಾ ಸುತ್ತುತ್ತಾ ಎರಡು ಬೆರಳು ಅಂತರಕ್ಕೆ ಒಂದು ಹೊಲಿಗೆ. ಪೂರ್ತಿ ಸುತ್ತಿ ಆಮೇಲೆ ಹೊಲಿಯಲು ಹೋದರೆ ಒಳಗಿನ ಸುತ್ತು ಸಡಿಲ ಉಳಿಯುತ್ತದೆ.

ಹಿಂದೆ ಕಾಣುವುದಿಲ್ಲವಲ್ಲ, ಹೇಗೆ ಹೊಲಿಯುವುದು ಅಂತ ಎಲ್ಲರೂ ಕೇಳುತ್ತಾರೆ. ಎರಡು ಕನ್ನಡಿ ಇಟ್ಟು ನೋಡಿದೆ, ಎಡ ಬಲ ಗಲಿಬಿಲಿಯಾಗಿ ಕೈ ಸೋತಿತು. ಈಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಎಡಗೈ ತೋರುಬೆರಳು ಜಡೆಯ ಕೆಳಗೆ, ಬುರುಡೆಗೆ ಒತ್ತಿ ಇರಬೇಕು. ಸೂಜಿ ಬಂದು ಬೆರಳಿಗೆ ತಾಗಬೇಕು, ಚರ್ಮಕ್ಕಲ್ಲ. ತಾಗಿದ ಕೂಡಲೇ ಬುಡದ ಕೂದಲು ಸ್ವಲ್ಪ ಸೇರಿಸಿಕೊಂಡು ಮೇಲೆ ತಿರುಗಿಸುವುದು. ಚೀಲ ಹೊಲಿದ ಹಾಗೆ ಜಗ್ಗಬೇಡಿ, ದಾರ ಕೂತರೆ ಸಾಕು. ಶುರುವಿನಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತಿತ್ತು. ಈಗ 20 ನಿಮಿಷ.

ಕೊನೆಯ ಗಂಟು ಹೇಗೆ ಹಾಕುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ. ಒಂದು ತುದಿ ಎಳೆದರೆ ಇಡೀ ಹೊಲಿಗೆ ಸರ್ರನೆ ಬರುವ ಗಂಟು ಅಂತಷ್ಟೇ ಹೇಳುತ್ತೇನೆ. ನಿಮಗೆ ಬರುವವರೆಗೆ ಕತ್ತರಿ ಬಳಸಿ, ಆದರೆ ಕರಿ ದಾರ ಬೇಡ, ಕಾಫಿ ಬಣ್ಣದ್ದು ಹಾಕಿ. ಕರಿ ದಾರ ಅಂದುಕೊಂಡು ನಾನು ಒಂದು ಬೆರಳು ದಪ್ಪ ಕೂದಲನ್ನೇ ಕತ್ತರಿಸಿದ್ದೇನೆ.

ಮಳೆಗಾಲದಲ್ಲಿ ಬೇರೆ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕೂದಲು ಒಣಗುವುದೇ ಇಲ್ಲ, ಒದ್ದೆ ಜಡೆ ಸುತ್ತಿದರೆ ಸಂಜೆಗೆ ಮುಗ್ಗಲು ವಾಸನೆ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರವುತ್ತೇನೆ. ಅರ್ಧ ಗಂಟೆ ಸಾಕು. ಹೊಗೆ ಹಿಡಿದ ಕೂದಲು ಸ್ವಲ್ಪ ಒರಟಾಗಿ ಹೊಲಿಗೆ ಇನ್ನೂ ಚೆನ್ನಾಗಿ ಕೂರುತ್ತದೆ. ಅಗಸೆ ಬೀಜದ ಲೋಳೆ ಹಚ್ಚಿ ನೋಡಿದೆ, ನಮ್ಮ ಮಳೆಗೆ ಅದು ಒಣಗದೆ ಅಂಟಾಗಿಯೇ ಉಳಿಯಿತು. ಒಮ್ಮೆ ಕಾಫಿ ಹೂವನ್ನೂ ತುರುಬಿನ ಸುತ್ತ ಹೊಲಿದೆ. ಪರಿಮಳ ಹೇಳತೀರದು. ಮಧ್ಯಾಹ್ನಕ್ಕೆ ಕಂದು ತಿರುಗಿತು, ಹೂ ಕಿತ್ತರೆ ಫಸಲು ಕಿತ್ತ ಹಾಗೆ ಅಂತ ನಮ್ಮವರಿಂದ ಮಾತೂ ಕೇಳಿದೆ. ಈಗ ಮಡಿಕೇರಿಯ ಶುಕ್ರವಾರದ ಸಂತೆಯಿಂದ ಮಲ್ಲಿಗೆ.

ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಕೊಡವ ಹುಡುಗಿಯ ಮದುವೆ. ಮದುಮಗಳಿಗೆ ನೀನೇ ಹಾಕು ಅಂತ ಅವಳ ಅಮ್ಮ ಬಂದು ಕೂತರು. ಭಯವಾಗಿದ್ದು ಗಂಗಾಪೂಜೆಯ ಬಗ್ಗೆ. ಬಾವಿಯಿಂದ ನೀರು ಹೊತ್ತು ಮನೆಗೆ ಬರಬೇಕು. ಗಂಡಿನ ಕಡೆಯವರು ಎದುರಿಗೆ ಕುಣಿಯುತ್ತಾ ದಾರಿ ಬಿಡುವುದಿಲ್ಲ, ತಲೆ ಮೇಲೆ ಕೊಡ ಇಟ್ಟುಕೊಂಡು ಗಂಟೆಗಟ್ಟಲೆ ನಿಲ್ಲಬೇಕು. ನೆತ್ತಿಯ ತುರುಬು ಆಗುವುದೇ ಇಲ್ಲ. ತುಂಬಾ ಕೆಳಗೆ, ಹೆಕ್ಕತ್ತಿಗೆ ತಾಗುವ ಹಾಗೆ, ಚಪ್ಪಟೆಯಾಗಿ ಹೊಲಿದೆ. ಮದುಮಗಳ ತಲೆಗೆ ಕಟ್ಟುವ ಕೆಂಪು ವಸ್ತ್ರವನ್ನೂ ಅದಕ್ಕೇ ಎರಡು ಹೊಲಿಗೆ ಹಾಕಿ ನಿಲ್ಲಿಸಿದೆ. ಅತ್ತಿಗೆ ಪಕ್ಕದಲ್ಲಿ ನಿಂತು ದಾರ ಪೋಣಿಸಿ ಕೊಡುತ್ತಿದ್ದರು.

ಅವತ್ತು ಒಂದು ಗಂಟೆ ಹತ್ತಿರ ನಿಲ್ಲಿಸಿದರು ಅವಳನ್ನು. ನಾನು ಕುಣಿತ ನೋಡಲಿಲ್ಲ, ಅವಳ ಹೆಕ್ಕತ್ತನ್ನೇ ನೋಡುತ್ತಾ ನಿಂತಿದ್ದೆ. ರಾತ್ರಿ ಅವಳನ್ನು ಮಂಚದ ಮೇಲೆ ಕೂರಿಸಿ ದಾರದ ತುದಿ ಎಳೆದೆ. ಎರಡು ಜಡೆಯೂ ಹಾಕಿದ ಹಾಗೇ ಬೆನ್ನ ಮೇಲೆ ಬಿದ್ದವು. ಅತ್ತಿಗೆ ದಾರವನ್ನು ಕೈಗೆ ಸುತ್ತಿ ಉಂಡೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡರು.