ಒಂದೇ ವಾರದಲ್ಲಿ ಮೂರು ಹೆಣಿಗೆ: ಯಾವುದನ್ನು ಎಲ್ಲಿ ನಿಲ್ಲಿಸಬೇಕು

ಕೆಲಸ ಜಾಸ್ತಿಯಿರುವ ವಾರದಲ್ಲಿ ನಾನು ಮೂರು ಹೆಣಿಗೆಗಳನ್ನು ಕೈಯಲ್ಲಿ ಇಟ್ಟುಕೊಳ್ಳುತ್ತೇನೆ: ಕ್ರೋಶೆ (ಒಂದೇ ಹುಕ್ಕಿನಲ್ಲಿ ಹಾಕುವ ಹೆಣಿಗೆ) ಚೌಕಗಳ ಹೊದಿಕೆ, ಸೀರೆ ಕುಚ್ಚು, ಕಡ್ಡಿಯಲ್ಲಿ ಹಾಕುವ ಸ್ವೆಟರ್. ಯಾವುದನ್ನು ಯಾವ ಹೊತ್ತಿಗೆ ಹಿಡಿಯಬೇಕು ಅನ್ನುವುದಕ್ಕೆ ನೋಡುವುದು ಒಂದನ್ನೇ. ಮಧ್ಯದಲ್ಲಿ ಬಿಟ್ಟೆದ್ದರೆ ಇದು ಎಷ್ಟು ಕೆಡುತ್ತದೆ?

ಕ್ರೋಶೆಯಲ್ಲಿ ಬಿಟ್ಟ ಜಾಗದಲ್ಲಿ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೆ ಸೇಫ್ಟಿ ಪಿನ್ನು ಸಿಕ್ಕಿಸಿ ಚೀಲಕ್ಕೆ ಹಾಕಿದರೆ ಆಯಿತು. ಹಾಗಾಗಿ ಬಸ್ಸು, ಮೆಟ್ರೊ, ಡಾಕ್ಟರ ಹತ್ತಿರ ಕಾಯುವ ಹೊತ್ತು ಎಲ್ಲಕ್ಕೂ ಗ್ರಾನಿ ಸ್ಕ್ವೇರ್, ಅಂದರೆ ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಹೊದಿಕೆಯ ಚೌಕ. ಅದರಲ್ಲೂ ಇಡೀ ಚೌಕವನ್ನು ಹೊರಗೆ ಹಾಕುವುದಿಲ್ಲ. ನಾಲ್ಕು ಸುತ್ತಿನ ಚೌಕದಲ್ಲಿ ಮೊದಲ ಸುತ್ತಿಗೆ 4 ಗೊಂಚಲು (ಒಂದೇ ಜಾಗಕ್ಕೆ ಹಾಕುವ ಮೂರು ಹೊಲಿಗೆ), ಎರಡನೆಯದಕ್ಕೆ 8, ಮೂರನೆಯದಕ್ಕೆ 12, ನಾಲ್ಕನೆಯದಕ್ಕೆ 16, ಒಟ್ಟು 40. ಕೊನೆಯ ಸುತ್ತೊಂದೇ ಐದರಲ್ಲಿ ಎರಡು ಪಾಲು ಸಮಯ ಮತ್ತು ದಾರ ತಿನ್ನುತ್ತದೆ. ಅದಕ್ಕೇ ಮೊದಲ ಎರಡು ಸುತ್ತಿನ ನಡುಭಾಗಗಳನ್ನು ಪ್ರಯಾಣದಲ್ಲಿ ಒಟ್ಟಿಗೆ ಹಾಕಿಡುತ್ತೇನೆ. ಎರಡು ಸಣ್ಣ ಉಂಡೆ ಸಾಕು, ಚೀಲ ಹಗುರ. ಹೊರಗಿನ ಎರಡು ಸುತ್ತು ಮನೆಯಲ್ಲಿ. ಗೊಂಚಲೆಂದರೆ ಮೂರು ಡಬಲ್ ಕ್ರೋಶೆ, ಅಮೆರಿಕದ ಲೆಕ್ಕದಲ್ಲಿ. ಬ್ರಿಟಿಷ್ ಪುಸ್ತಕಗಳು ಇದನ್ನೇ ಟ್ರೆಬಲ್ ಅನ್ನುತ್ತವೆ. ಒಂದು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಇನ್ನೊಂದು ಲೆಕ್ಕ ಹಿಡಿದರೆ ಚೌಕಗಳ ಅಳತೆ ಕೂಡುವುದಿಲ್ಲ.

ಬಣ್ಣ ಬದಲಿಸುವಾಗ ಉಳಿಯುವ ದಾರದ ತುದಿಗಳನ್ನು ಮಾತ್ರ ಬಾಕಿ ಇಡಬಾರದು. ನಾಲ್ಕು ಬಣ್ಣದ ಒಂದು ಚೌಕಕ್ಕೆ 8 ತುದಿ, 36 ಚೌಕಕ್ಕೆ 288. ಅರ್ಧಕ್ಕೇ ನಿಂತುಹೋದ ಹೊದಿಕೆಗಳಲ್ಲಿ ಬಹಳಷ್ಟು ನಿಂತಿರುವುದು ಇಲ್ಲೇ. ಪ್ರತಿ ತುದಿಗೂ 15 ಸೆಂ.ಮೀ. ಬಿಟ್ಟು ಕತ್ತರಿಸಿ, ಅವತ್ತಿನದನ್ನು ಅವತ್ತೇ ಮೊಂಡು ಸೂಜಿಯಲ್ಲಿ ಸೇರಿಸುತ್ತೇನೆ. ಅಕ್ರಿಲಿಕ್ ಜಾರುವ ದಾರ. ಒಂದೇ ದಿಕ್ಕಿಗೆ ಎಳೆದರೆ ಎರಡು ಒಗೆತಕ್ಕೆ ಹೊರಗೆ ಇಣುಕುತ್ತದೆ. ಒಂದು ಕಡೆ ಹೋಗಿ, ವಾಪಸ್ ಬಂದು, ಮತ್ತೆ ಅಡ್ಡಕ್ಕೆ ಹೀಗೆ ಮೂರು ದಿಕ್ಕಿಗೆ ಹಾಯಿಸಬೇಕು.

ಸೀರೆ ಕುಚ್ಚು ಇದಕ್ಕೆ ತದ್ವಿರುದ್ಧ. ಅದಕ್ಕೆ ಮದುವೆಯ ತಾರೀಖು ಇರುತ್ತದೆ, ಸೀರೆ ಬೇರೆಯವರದು, ರೇಷ್ಮೆಗೆ ಕೊಳೆಯೂ ಒರಟು ಬೆರಳೂ ಆಗದು. ಮನೆಬಿಟ್ಟು ಹೊರಗೆ ಒಯ್ಯುವ ಪ್ರಶ್ನೆಯೇ ಇಲ್ಲ. ಇದರಲ್ಲಿ ಎರಡು ಹಂತವಿದೆ. ಸೆರಗಿನ ಅಂಚಿಗೆ ಹಾಕುವ ಕ್ರೋಶೆಯ ಮೊದಲ ಸಾಲು ಮಧ್ಯೆ ನಿಲ್ಲಿಸಲಾಗದ ಕೆಲಸ. ಬೆಳಿಗ್ಗೆಯ ಕೈಬಿಗಿಯೂ ರಾತ್ರಿಯ ಕೈಬಿಗಿಯೂ ಒಂದಲ್ಲ. ಬಿಗಿಯಾದ ಕಡೆ ಸೆರಗು ನೆರಿಗೆ ಬೀಳುತ್ತದೆ, ಸಡಿಲವಾದ ಕಡೆ ಚೈನು ಜೋತುಬೀಳುತ್ತದೆ. ಆದ್ದರಿಂದ ಸಾಲನ್ನು ಒಂದೇ ಸಲ ಕೂತು, ಹಗಲು ಬೆಳಕಿನಲ್ಲಿ, ಮಡಿಲಿಗೆ ಬಿಳಿ ಬಟ್ಟೆ ಹಾಸಿಕೊಂಡು ಮುಗಿಸುತ್ತೇನೆ. ಶುರುವಿಗೂ ಮುಂಚೆ ಅಂಚನ್ನು ಮಡಿಸಿ ಹೊಲಿದಿರಬೇಕು, ಇಲ್ಲದಿದ್ದರೆ ಹುಕ್ ಚುಚ್ಚಿದಲ್ಲಿ ಎಳೆ ಬಿಟ್ಟುಕೊಳ್ಳುತ್ತದೆ. ಇಂಚಿಗೊಂದು ಗುರುತು ಹಾಕಿ, ಸೆರಗಿನ ನಟ್ಟನಡುವೆ ಬೇರೆ ಬಣ್ಣದ ದಾರ ಕಟ್ಟುತ್ತೇನೆ. ಅರ್ಧಕ್ಕೆ ಬಂದಾಗ ಎಣಿಕೆಯೂ ಅರ್ಧವಾಗಿರಬೇಕು. ತಪ್ಪಿದ್ದರೆ ಬಿಚ್ಚುವುದು ಅಲ್ಲೇ, ಕೊನೆ ಮುಟ್ಟಿದ ಮೇಲಲ್ಲ.

ಎರಡನೆಯ ಹಂತ ಕುಚ್ಚು ಕಟ್ಟುವುದು. ಪ್ರತಿ ಕುಚ್ಚೂ ಬೇರೆಯಾದ್ದರಿಂದ ಯಾವಾಗ ಬೇಕಾದರೂ ಏಳಬಹುದು. 46 ಇಂಚಿನ ಸೆರಗಿಗೆ ಇಂಚಿಗೊಂದರಂತೆ 46 ಕುಚ್ಚು. ಒಂದಕ್ಕೆ ನಾಲ್ಕು ನಿಮಿಷವೆಂದರೆ ಮೂರು ಗಂಟೆಯ ಮೇಲೆ ನಾಲ್ಕು ನಿಮಿಷ. ಮೂರು ಸಂಜೆಗೆ ಹಂಚಬಹುದಾದ ಕೆಲಸ. ದಾರವನ್ನು ಮಾತ್ರ ಎಲ್ಲ ಕುಚ್ಚಿಗೂ ಒಂದೇ ಸಲ, ಒಂದೇ ರಟ್ಟಿಗೆ, ಒಂದೇ ಎಣಿಕೆಯ ಸುತ್ತು ಹಾಕಿ ಕತ್ತರಿಸಿಡಬೇಕು. ದಿನಕ್ಕಷ್ಟು ಕತ್ತರಿಸಿದರೆ ದಪ್ಪ ಬದಲಾಗುತ್ತದೆ. ಸೀರೆ ಉಟ್ಟಾಗ ಸೆರಗಿನಲ್ಲಿ ಮೊದಲು ಕಾಣುವುದೇ ಅದು.

ಇನ್ನು ಸ್ವೆಟರ್. ಬೆನ್ನಿನ ಭಾಗವೆಂದರೆ ನೂರರಷ್ಟು ಕುಣಿಕೆ ಒಟ್ಟಿಗೆ ತೆರೆದಿರುತ್ತವೆ. ಸಾಲು ಮುಗಿಸದೆ ಎದ್ದರೆ ಆಗುವ ತೊಂದರೆ ಕುಣಿಕೆ ಜಾರುವುದಷ್ಟೇ ಅಲ್ಲ. ಮತ್ತೆ ಹಿಡಿಯುವಾಗ ಕಡ್ಡಿ ಅದಲುಬದಲಾದರೆ ಬಂದ ದಾರಿಯಲ್ಲೇ ವಾಪಸ್ ಹೆಣೆಯುತ್ತೀರಿ. ಒಂದು ಪಕ್ಕ ಎರಡು ಸಾಲು ಹೆಚ್ಚಾಗಿ, ತಿರುಗಿದ ಜಾಗದಲ್ಲಿ ತೂತು ಬೀಳುತ್ತದೆ. ಎದ್ದೇ ಏಳಬೇಕಾಗಿ ಬಂದಿದ್ದರೆ ಗುರುತು ಇದು: ಉಂಡೆಯ ದಾರ ಯಾವ ಕಡ್ಡಿಯ ಕುಣಿಕೆಯಿಂದ ಹೊರಟಿದೆಯೋ ಅದು ಬಲಗೈಗೆ. ತೋಳುಗಳೆರಡನ್ನೂ 80 ಸೆಂ.ಮೀ. ಸರ್ಕ್ಯುಲರ್ ಕಡ್ಡಿಯ (ಬಳ್ಳಿಯಿಂದ ಜೋಡಿಸಿದ ಎರಡು ಕಡ್ಡಿ) ಮೇಲೆ ಎರಡು ಉಂಡೆ ಇಟ್ಟು ಜೊತೆಯಾಗಿ ಹೆಣೆಯುವುದು ನನಗೆ ಇಷ್ಟ. ಅಗಲ ಹೆಚ್ಚಿಸುವ ಸಾಲು ಎರಡರಲ್ಲೂ ಒಂದೇ ಆಗಿರುತ್ತದೆ. ಎರಡನೆಯ ತೋಳಿನ ಸಾಲೂ ಮುಗಿದ ಮೇಲಷ್ಟೇ ಏಳಬೇಕು.

ಹಲವು ಹೆಣಿಗೆ ಒಟ್ಟಿಗೆ ನಡೆಯುವಾಗ ನಿಜವಾಗಿ ಕೈಕೊಡುವುದು ಕಡ್ಡಿಗಳ ಅದಲುಬದಲು. ನಮ್ಮಲ್ಲಿ ಹಳೆಯ ಬ್ರಿಟಿಷ್ ನಂಬರ್ ಇನ್ನೂ ನಡೆಯುತ್ತದೆ: 8 ನಂಬರ್ ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ.; ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಪ್ಯಾಟರ್ನಿನಲ್ಲಿ 8 ಎಂದರೆ 5 ಮಿ.ಮೀ., ನಂಬರ್ ಏರಿದಷ್ಟೂ ದಪ್ಪ. ನಂಬರನ್ನು ನಂಬದೆ ಮಿಲಿಮೀಟರನ್ನೇ ಚೀಟಿಯಲ್ಲಿ ಬರೆಯಿರಿ. ಅಳತೆ ಒಂದೇ ಆದರೂ ಲೋಹದ ಕಡ್ಡಿಯ ಬದಲು ಬಿದಿರಿನದು ಹಿಡಿದರೆ ಕೈಬಿಗಿ ಬದಲಾಗಬಹುದು. 10 ಸೆಂ.ಮೀ.ಗೆ 22 ಕುಣಿಕೆ ಬರುತ್ತಿದ್ದದ್ದು 21ಕ್ಕೆ ಇಳಿದರೆ, 200 ಕುಣಿಕೆಯ ಸ್ವೆಟರಿನ ಸುತ್ತಳತೆ ಸುಮಾರು 91 ಸೆಂ.ಮೀ. ಇದ್ದದ್ದು 95 ದಾಟುತ್ತದೆ. ಒಂದು ಸ್ವೆಟರಿಗೆ ಕೊಟ್ಟ ಕಡ್ಡಿಯನ್ನು ಅದು ಮುಗಿಯುವವರೆಗೆ ಇನ್ನೊಂದಕ್ಕೆ ಎರವಲು ಕೊಡುವುದಿಲ್ಲ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕುಣಿಕೆಗಳನ್ನು ಹತ್ತಿದಾರಕ್ಕೆ ಪೋಣಿಸಿ ಕಡ್ಡಿ ಬಿಡಿಸುತ್ತೇನೆ. ಕಡ್ಡಿಯಲ್ಲೇ ಬಹಳ ದಿನ ಇದ್ದರೆ ಆ ಸಾಲು ಹಿಗ್ಗಿ ಗೆರೆಯಾಗಿ ಉಳಿಯುತ್ತದೆ.

ಒಂದೊಂದಕ್ಕೂ ಒಂದು ಬಟ್ಟೆ ಚೀಲ, ದಾರ ಎಳೆದು ಬಾಯಿ ಕಟ್ಟುವಂಥದ್ದು. ಜಿಪ್ಪಿಗೆ ಉಲ್ಲನ್ ಸಿಕ್ಕಿಕೊಳ್ಳುತ್ತದೆ. ಒಳಗೆ ಉಂಡೆಯ ಮೇಲಿನ ಕಾಗದ ಇರಲೇಬೇಕು. ಅದರಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್, ಇರುತ್ತದೆ. ಒಂದೇ ಬಣ್ಣವಾದರೂ ಲಾಟ್ ಬೇರೆಯಾದರೆ ಟ್ಯೂಬ್‌ಲೈಟಿನಲ್ಲಿ ಕಾಣದ ವ್ಯತ್ಯಾಸ ಬಿಸಿಲಲ್ಲಿ ಎದ್ದು ಕಾಣುತ್ತದೆ. ಬೇರೆ ಲಾಟ್ ಸೇರಿಸಲೇಬೇಕಾದರೆ ಒಂದಷ್ಟು ಎತ್ತರಕ್ಕೆ ಹಳೆಯದರಲ್ಲಿ ಎರಡು ಸಾಲು, ಹೊಸದರಲ್ಲಿ ಎರಡು ಸಾಲು ಹೆಣೆದು ಬೆರೆಸಬೇಕು. ಚೀಲದಲ್ಲಿರುವ ಚೀಟಿಯಲ್ಲಿ ಮುಗಿದ ಸಾಲನ್ನಲ್ಲ, ಮುಂದೆ ಹಾಕಬೇಕಾದ ಸಾಲನ್ನು ಬರೆಯುತ್ತೇನೆ: "ಮುಂದಿನದು 43, ಬೆನ್ನು, ಸೀದಾ ಕಡೆ, ಕೇಬಲ್ ತಿರುವು 45ರಲ್ಲಿ."

ಬುಧವಾರ ಒಮ್ಮೆ ಲೆಕ್ಕ ನೋಡುತ್ತೇನೆ. ತಾರೀಖು ಇರುವ ಕೆಲಸ ಹಿಂದೆ ಬಿದ್ದಿದ್ದರೆ ಮನೆಯ ಸಂಜೆಗಳೆಲ್ಲ ಅದಕ್ಕೇ; ಸ್ವೆಟರ್ ಕಾಯುತ್ತದೆ, ಚೌಕಗಳು ಬಸ್ಸಿನಲ್ಲಿ ತಮ್ಮ ಪಾಡಿಗೆ ನಡೆಯುತ್ತವೆ. ಕಪ್ಪು, ಕಡುನೀಲಿ ದಾರವನ್ನು ರಾತ್ರಿ ಮುಟ್ಟುವುದಿಲ್ಲ. ಅರ್ಧ ಗಂಟೆ ಕ್ರೋಶೆ ಆದ ಮೇಲೆ ಮಣಿಕಟ್ಟಿಗೆ ಬಿಡುವು ಬೇಕು. ಹುಕ್ ತಿರುಗಿಸುವ ಭಾರವೆಲ್ಲ ಒಂದೇ ಕೈಗೆ. ಆಮೇಲೆ ಕಡ್ಡಿ ಹಿಡಿದರೆ ಕೆಲಸ ಎರಡೂ ಕೈಗೆ ಹಂಚುತ್ತದೆ.

ಕೊಡುವ ದಿನವನ್ನು ಹೆಣಿಗೆ ಮುಗಿಯುವ ದಿನದಿಂದ ಎಣಿಸಬಾರದು. ಉಣ್ಣೆಯನ್ನು ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಅಳತೆಗೆ ಹರಡಿ ಒಣಗಿಸಲು ಬಿಸಿಲುಗಾಲದಲ್ಲೂ ಒಂದು ದಿನ ಬೇಕು, ಮಳೆಗಾಲದಲ್ಲಿ ಎರಡು ಮೂರು. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ ಮೇಲಿಂದ ಹಬೆ ಮಾತ್ರ. ತಾಗಿದರೆ ದಾರ ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.