ಗಲಾಟೆಗೆ ಮುಂಚಿನ ಹತ್ತು ನಿಮಿಷ

ಕೋಲಾರದ ಹೊರವಲಯದಲ್ಲಿರುವ ಖಾಸಗಿ ಬಾಲಕರ ಪಾಲನಾ ಸಂಸ್ಥೆಯೊಂದಕ್ಕೆ ನಾನು ಅಧೀಕ್ಷಕಿಯಾಗಿ ಸೇರಿದ ಮೊದಲ ವರ್ಷ, ಒಂದು ಭಾನುವಾರ ಸಂಜೆ ಹದಿಮೂರು ವರ್ಷದ ಹುಡುಗನೊಬ್ಬ ಊಟದ ತಟ್ಟೆಯನ್ನು ಗೋಡೆಗೆ ಬೀಸಿ ಒಗೆದ. ಗೃಹಮಾತೆ ಓಡಿಬಂದು ಅವನ ಎರಡೂ ಮಣಿಕಟ್ಟುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಅವನು ಅವರ ಮುಂಗೈ ಕಚ್ಚಿದ. ಮರುದಿನ ಇಬ್ಬರದೂ ದೂರು ನನ್ನ ಮುಂದಿತ್ತು. ಹುಡುಗನ ಕೈಮೇಲೆ ಬೆರಳಿನ ಗುರುತು ನೀಲಿಗಟ್ಟಿತ್ತು, ಗೃಹಮಾತೆ ಟಿ.ಟಿ. ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದರು. ಮಕ್ಕಳ ಕಲ್ಯಾಣ ಸಮಿತಿಗೆ ಅಂದೇ ಬರೆದು ತಿಳಿಸಿದೆನಾದರೂ, ತಪ್ಪು ಯಾರದೆಂದು ನನಗೆ ಬರೆಯಲಾಗಲಿಲ್ಲ.

2015ರ ಬಾಲನ್ಯಾಯ ಕಾಯ್ದೆಯ 82ನೇ ಕಲಂ ಪ್ರಕಾರ, ಇಂತಹ ಸಂಸ್ಥೆಯಲ್ಲಿ ಶಿಸ್ತಿನ ಹೆಸರಿನಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಟ್ಟ ಸಿಬ್ಬಂದಿಗೆ ಮೊದಲ ಬಾರಿ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಹೊಡೆಯಬಾರದೆಂದು ನಮ್ಮವರಿಗೆಲ್ಲ ಗೊತ್ತಿತ್ತು. ತಟ್ಟೆ ಹಾರುವ ಹೊತ್ತಿಗೆ ತಮ್ಮ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಮೊದಲು ಬದಲಾಯಿಸಿದ್ದು ದಿನಚರಿ ಪುಸ್ತಕವನ್ನು. ಅದುವರೆಗೆ ಅದರಲ್ಲಿ ‘ಹುಡುಗ ಗಲಾಟೆ ಮಾಡಿದ, ಬುದ್ಧಿ ಹೇಳಲಾಯಿತು’ ಎಂಬ ಒಂದೇ ವಾಕ್ಯ ಪುಟಗಟ್ಟಲೆ ಇತ್ತು. ಗಲಾಟೆಗೆ ಮುಂಚಿನ ಹತ್ತು ನಿಮಿಷ ಏನು ನಡೆಯಿತು, ಕೋಣೆಯಲ್ಲಿ ದೊಡ್ಡವರು ಎಷ್ಟು ಮಂದಿ ಇದ್ದರು ಎಂದು ಬರೆಯಲು ಹೇಳಿದಾಗ ಸಿಬ್ಬಂದಿ ಗೊಣಗಿದರು. ಗೊಣಗುವುದು ನ್ಯಾಯವೂ ಆಗಿತ್ತು, ಮುದ್ದೆ ತಿರುವುವವರಿಗೂ ಬರೆಯುವ ಕೆಲಸ ಬಿದ್ದಿತ್ತು. ಮೂರು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ, ಹೆಚ್ಚಿನ ಘಟನೆಗಳು ಭಾನುವಾರ ಸಂಜೆ ಮನೆಗೆ ಫೋನ್ ಮಾಡಿಸಿದ ಬೆನ್ನಿಗೇ ಆಗಿದ್ದವು. ತಟ್ಟೆ ಎಸೆದ ಹುಡುಗನ ತಾಯಿ ಅಂದು ಫೋನ್ ಎತ್ತಿರಲಿಲ್ಲ. ಅದೇ ಹೊತ್ತಿಗೆ ಸಿಬ್ಬಂದಿಯ ಪಾಳಿಯೂ ಬದಲಾಗುತ್ತಿದ್ದುದರಿಂದ, ಊಟದ ಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಒಬ್ಬರೇ ಇರುತ್ತಿದ್ದರು.

ಫೋನನ್ನು ಬೆಳಿಗ್ಗೆ 11ಕ್ಕೆ, ಪಾಳಿ ಬದಲಾವಣೆಯನ್ನು ಮಧ್ಯಾಹ್ನ 2ಕ್ಕೆ ತಂದೆವು. ಕೆರಳಿದ ಮಗುವನ್ನು ಹಿಡಿಯುವ ಬದಲು ಉಳಿದ ಮಕ್ಕಳನ್ನು ಹೊರಗೆ ಕರೆದೊಯ್ಯುವುದು, ಒಬ್ಬರು ಮಾತ್ರ ಬಾಗಿಲಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ನಿಂತು ತಗ್ಗಿದ ದನಿಯಲ್ಲಿ ಮಾತಾಡುವುದು ರೂಢಿಯಾಯಿತು. ಅವನು ತನಗೋ ಇತರರಿಗೋ ಗಾಯ ಮಾಡುವಂತಿದ್ದರೆ ಮಾತ್ರ ತಡೆಯಬೇಕು, ಅದಕ್ಕೂ ಇಬ್ಬರಿರಬೇಕು. ಗಲಾಟೆ ನಿಂತುಹೋಯಿತೆಂದು ಹೇಳಲಾರೆ. ಕಚ್ಚಿಸಿಕೊಂಡವರು ಆಮೇಲೆ ಯಾರೂ ಇಲ್ಲ.

ದೂರು ಪೆಟ್ಟಿಗೆ ನನ್ನ ಕಚೇರಿಯ ಬಾಗಿಲಲ್ಲೇ ನೇತಾಡುತ್ತಿತ್ತು, ಸದಾ ಖಾಲಿಯಾಗಿ. ನಿಯಮದಂತೆ ಅದನ್ನು ಮಕ್ಕಳು ಮಲಗುವ ಕೋಣೆಯ ಹತ್ತಿರಕ್ಕೆ ಸಾಗಿಸಿ, ಕೀಲಿಯನ್ನು ನಿರ್ವಹಣಾ ಸಮಿತಿಯ ಅಧ್ಯಕ್ಷರಿಗೆ ಕೊಟ್ಟೆ. ಬಂಗಾರಪೇಟೆ ರೈಲು ನಿಲ್ದಾಣದಲ್ಲಿ ಸಿಕ್ಕು ನಮ್ಮಲ್ಲಿಗೆ ಬಂದಿದ್ದ ಹುಡುಗನೊಬ್ಬ ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದು ಮೊದಲ ಚೀಟಿ ಹಾಕಿದ. ರಾತ್ರಿ ಅಕ್ಕ ಒಬ್ಬರೇ ಇರುತ್ತಾರೆ, ಜ್ವರ ಬಂದವನನ್ನು ಅವರು ಆಸ್ಪತ್ರೆಗೆ ಕರೆದುಕೊಂಡು ಹೋದರೆ ನಮ್ಮ ಜೊತೆ ಯಾರಿರುತ್ತಾರೆ ಎಂದು ಕೇಳಿದ್ದ. ರಾತ್ರಿ ಪಾಳಿಗೆ ಎರಡನೆಯವರು ಬೇಕೆಂದು ನಾನು ಕೊಟ್ಟಿದ್ದ ಎರಡು ಅರ್ಜಿಗಳು ಸಂಬಳದ ಲೆಕ್ಕದಲ್ಲೇ ಬಿದ್ದುಹೋಗಿದ್ದವು. ಆ ಚೀಟಿಯನ್ನು ಸಭೆಯಲ್ಲಿ ಓದಿದ ತಿಂಗಳೇ ಎರಡನೆಯವರು ಬಂದರು.