ನಿಮ್ಮ ಇಂಟರ್‌ಪ್ರಿಟರಿನಲ್ಲಿ ಕೊನೆಯಿಲ್ಲದ ರಿಕರ್ಶನ್ ತಡೆಯುವ ಬಗೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾನು ನಡೆಸುವ ಪಾಠದಲ್ಲಿ ವಿದ್ಯಾರ್ಥಿಗಳು ತಮ್ಮದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಗೆ ಪೈಥಾನ್‌ನಲ್ಲಿ ಇಂಟರ್‌ಪ್ರಿಟರ್ (ಆ ಭಾಷೆಯ ಸಾಲುಗಳನ್ನು ಓದಿ ನಡೆಸುವ ಪ್ರೋಗ್ರಾಂ) ಬರೆಯುತ್ತಾರೆ. ಒಬ್ಬಾತ ಆ ಭಾಷೆಯಲ್ಲಿ ಬ್ಯಾಡಗಿ ಪೇಟೆಗೆ ಹೋಗುವ ಮೆಣಸಿನಕಾಯಿ ಚೀಲಗಳನ್ನು ಎಣಿಸುವ ಫಂಕ್ಷನ್ ಬರೆದಿದ್ದ: ಸಂಖ್ಯೆ ಸೊನ್ನೆಗೆ ಸಮವಾದರೆ ನಿಲ್ಲಬೇಕು, ಇಲ್ಲವಾದರೆ ಒಂದು ಚೀಲ ಎಣಿಕೆಗೆ ಕೂಡಿಸಿ, ಸಂಖ್ಯೆಯಲ್ಲಿ ಒಂದು ಕಳೆದು ತನ್ನನ್ನೇ ಮತ್ತೆ ಕರೆಯಬೇಕು (ಹೀಗೆ ತನ್ನನ್ನೇ ಕರೆಯುವುದೇ ರಿಕರ್ಶನ್). ಅರ್ಧ ಚೀಲವೂ ಇದೆಯೆಂದು 2.5 ಕೊಟ್ಟ. ಲೆಕ್ಕ ಸೊನ್ನೆಯನ್ನು ಮುಟ್ಟದೆ 0.5ರಿಂದ ನೇರವಾಗಿ -0.5ಕ್ಕೆ ಇಳಿದು, ನಿಲ್ಲದೆ ಸಾಗಿ, ಪರದೆಯ ತುಂಬ ಪೈಥಾನ್‌ನ ಟ್ರೇಸ್‌ಬ್ಯಾಕ್ (ಎರರ್ ಯಾವ ಕರೆಗಳ ಮೂಲಕ ಬಂತೆಂಬ ಪಟ್ಟಿ) ಸುರಿಯಿತು. ಅದರಲ್ಲಿ ಆತ ಬರೆದ ಒಂದು ಸಾಲೂ ಇರಲಿಲ್ಲ.

ಫಂಕ್ಷನ್ ಕರೆದಾಗಲೆಲ್ಲ ಸ್ಟ್ಯಾಕ್‌ನಲ್ಲಿ (ನಡೆಯುತ್ತಿರುವ ಕರೆಗಳ ವಿವರ ಇಡುವ ಮೆಮೊರಿಯ ಜಾಗ) ಒಂದು ಫ್ರೇಮ್, ಅಂದರೆ ಆ ಒಂದು ಕರೆಯ ವಿವರ, ಕೂಡುತ್ತದೆ. ಸಿ ಪ್ರೋಗ್ರಾಂ ಆದರೆ ಸ್ಟ್ಯಾಕ್ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ) ಮುಗಿದೊಡನೆ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿದ ತಪ್ಪು) ಆಗಿ ಅಲ್ಲಿಗೇ ನಿಲ್ಲುತ್ತದೆ. ಪೈಥಾನ್ ಆ ಹಂತ ತಲುಪುವ ಮೊದಲೇ ಫ್ರೇಮ್‌ಗಳನ್ನು ಎಣಿಸಿ, ಸಾಮಾನ್ಯವಾಗಿ 1000 ಮೀರಿದರೆ ರಿಕರ್ಶನ್‌ಎರರ್ ಕೊಡುತ್ತದೆ. ಜಾವಾದಲ್ಲಿ ಇದೇ ಸ್ಥಿತಿಗೆ ಸ್ಟ್ಯಾಕ್‌ಓವರ್‌ಫ್ಲೋಎರರ್ ಎಂಬ ಹೆಸರಿದೆ.

ನೀವೂ ನಿಮ್ಮದೇ ಎಣಿಕೆ ಇಡಿ. ಫಂಕ್ಷನ್ ಕರೆಯನ್ನು ನಡೆಸುವ ಒಂದೇ ಜಾಗದಲ್ಲಿ 'ಆಳ' ಎಂಬ ವೇರಿಯೇಬಲ್ ಅನ್ನು ಒಂದು ಹೆಚ್ಚಿಸಿ, ಮಿತಿ ಮೀರಿದರೆ ಫಂಕ್ಷನ್ನಿನ ಹೆಸರು, ಸಾಲಿನ ಸಂಖ್ಯೆ ಮತ್ತು ಕೊಟ್ಟ ಮೌಲ್ಯ ಹೊತ್ತ ನಿಮ್ಮದೇ ಎರರ್ ಎಬ್ಬಿಸಿ. ಕರೆ ಮುಗಿದಾಗ ಆಳವನ್ನು ಇಳಿಸುವ ಸಾಲು ಫೈನಲಿ ಬ್ಲಾಕಿನಲ್ಲಿಯೇ (ಎರರ್ ಬಂದರೂ ತಪ್ಪದೆ ನಡೆಯುವ ಭಾಗ) ಇರಲಿ. ಇಲ್ಲವಾದರೆ ಒಮ್ಮೆ ಎರರ್ ಬಂದ ಮೇಲೆ ಎಣಿಕೆ ಮೇಲೆಯೇ ಉಳಿದು, ಬಳಕೆದಾರ ಮುಂದೆ ಬರೆಯುವ ಸರಿಯಾದ ಸಾಲಿಗೂ ಅದೇ ದೂರು ಬರುತ್ತದೆ. ನಮ್ಮಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ.

ಮಿತಿ ಎಷ್ಟಿರಬೇಕು? ನಿಮ್ಮ ಭಾಷೆಯ ಒಂದು ಕರೆಗೆ ಕರೆ, ಬ್ಲಾಕ್, ಷರತ್ತು, ರಿಟರ್ನ್, ಕೂಡುವಿಕೆ ಎಂದು ಪೈಥಾನ್‌ನ ಐದು ಫ್ರೇಮ್ ಹಿಡಿದರೆ, 1000 ಮುಗಿಯಲು ಸುಮಾರು 200 ಕರೆ ಸಾಕು. ಆದ್ದರಿಂದ ನಾವು 150 ಇಟ್ಟೆವು. ಪೈಥಾನ್‌ನ ಮಿತಿಯನ್ನೇ ಏರಿಸಬಹುದು, ಆದರೆ 3.11ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಅದನ್ನು ಬೇಕಾಬಿಟ್ಟಿ ಏರಿಸಿದರೆ ಪೈಥಾನ್ ತಾನೇ ಸೆಗ್ಮೆಂಟೇಶನ್ ಫಾಲ್ಟ್‌ಗೆ ಬೀಳುತ್ತದೆ.

ಸಂದೇಶದಲ್ಲಿ 'ಕೊನೆಯಿಲ್ಲದ ರಿಕರ್ಶನ್' ಎಂದು ಬರೆಯಬೇಡಿ. ಯಾವುದೇ ಪ್ರೋಗ್ರಾಂ ನಿಲ್ಲುತ್ತದೆಯೋ ಇಲ್ಲವೋ ಎಂದು ಹೇಳಬಲ್ಲ ಸಾರ್ವತ್ರಿಕ ವಿಧಾನವಿಲ್ಲವೆಂದು ಅಲನ್ ಟ್ಯೂರಿಂಗ್ 1936ರಲ್ಲಿಯೇ ಸಾಧಿಸಿದ್ದಾರೆ. ಆಳ ಮೀರಿತು ಎಂಬಷ್ಟೇ ಇಂಟರ್‌ಪ್ರಿಟರಿಗೆ ಗೊತ್ತು.

ಈಗ ಆ ವಿದ್ಯಾರ್ಥಿಗೆ ಒಂದೇ ಸಾಲು ಕಾಣುತ್ತದೆ: 'ಸಾಲು 3: ಎಣಿಸು, ಆಳ 150 ಮೀರಿತು, ಮೌಲ್ಯ -147.5'. ಆ ಋಣ ಸಂಖ್ಯೆ ಕಂಡೊಡನೆ ಆತ 'ಸಮ' ಇದ್ದದ್ದನ್ನು 'ಸಮ ಅಥವಾ ಕಡಿಮೆ' ಎಂದು ತಿದ್ದಿದ. ಉತ್ತರ 3 ಬಂತು. ಅರ್ಧ ಚೀಲ ಪೂರ್ತಿಯಾದದ್ದು ಹೇಗೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ಹಿಡಿಯಬೇಕಾಯಿತು.